ಆದೇಶ ಸಾಲದು, ಕಾನೂನೇ ಬೇಕು: ಅಮೆರಿಕದ ಕನ್ನಡಿಗರಲ್ಲಿ ಒಂದು ಮನವಿ



ಕೂಟದ ಕಾರ್ಯಕ್ರಮಕ್ಕೆ ಬಂದಿದ್ದೀರಿ. ಮಕ್ಕಳ ಹಾಡು, ಕುಣಿತ ಮುಗಿದು ಊಟದ ಸಾಲು ಹಾಲ್‌ನ ಬಾಗಿಲು ದಾಟಿದೆ. ಬಿಸಿಬೇಳೆಬಾತ್ ಕೈಗೆ ಬರುವ ತನಕ ಹೇಗೂ ನಿಂತಿರಬೇಕು. ಅಷ್ಟು ಹೊತ್ತನ್ನು ಈ ಹಾಳೆಗೆ ಕೊಡಿ. ‘ನಮಗ್ಯಾಕೆ ಊರ ಉಸಾಬರಿ’ ಎನ್ನುವವರು ಮೊದಲು ಓದಿ. ಇದನ್ನು ಅಚ್ಚು ಹಾಕಿಸಿದ್ದೇ ಅವರಿಗಾಗಿ.

ನಮ್ಮ ಬೇಡಿಕೆ ಒಂದೇ. ಅಮೆರಿಕದ ಗಡಿಗೆ ಮಗುವನ್ನು ಕಟ್ಟಿಕೊಂಡು ಬಂದ ತಂದೆತಾಯಿಗೆ ಪಾಠ ಕಲಿಸಲೆಂದು ಆ ಮಗುವನ್ನು ಅವರಿಂದ ಕಿತ್ತುಕೊಳ್ಳಬಾರದು. ಹಾಗೆಂದು ಈ ದೇಶದ ಕಾಂಗ್ರೆಸ್ಸು ಕಾನೂನು ಮಾಡಬೇಕು. (ಕಾಂಗ್ರೆಸ್ಸು ಅಂದರೆ ನಮ್ಮೂರಿನ ಪಕ್ಷವಲ್ಲ ಮಾರಾಯರೇ, ಇಲ್ಲಿಯ ಸಂಸತ್ತು.) ಅಂಥದ್ದೊಂದು ಕಾನೂನು ಇಷ್ಟು ದೊಡ್ಡ ದೇಶದಲ್ಲಿ ಆಗಲೇ ಇರಬೇಕಲ್ಲ ಎಂದು ನಿಮಗೆ ಅನ್ನಿಸಬಹುದು. ಇಲ್ಲ. ಅಧ್ಯಕ್ಷರ ಆದೇಶ ಬಂತು, ಹೋಯಿತು. ನ್ಯಾಯಾಧೀಶರ ತಡೆ ಬಂತು. ಕೋರ್ಟಿನಲ್ಲಿ ರಾಜಿಯಾಯಿತು, ಅದಕ್ಕೂ ಕೊನೆಯ ದಿನಾಂಕವಿದೆ. ಕಾನೂನು ಮಾತ್ರ ಇವತ್ತಿಗೂ ಆಗಿಲ್ಲ.

2018ರಲ್ಲಿ ಏನಾಯಿತು, ನೆನಪಿದೆಯೇ?

ಆ ವರ್ಷದ ಏಪ್ರಿಲ್ 6ರಂದು ಅಂದಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ‘ಶೂನ್ಯ ಸಹನೆ’ಯ ನೀತಿ ಘೋಷಿಸಿದರು. ಮೆಕ್ಸಿಕೊ ಗಡಿಯನ್ನು ಅನುಮತಿಯಿಲ್ಲದೆ ದಾಟಿದ ಪ್ರತಿಯೊಬ್ಬರ ಮೇಲೂ ಕ್ರಿಮಿನಲ್ ಕೇಸು ಹಾಕುವುದು ಅದರ ತಿರುಳು. ಮೇ 7ರ ಭಾಷಣದಲ್ಲಿ ಇನ್ನೂ ಬಿಚ್ಚಿ ಹೇಳಿದರು: ಮಗುವನ್ನು ಕರೆದುಕೊಂಡು ಗಡಿ ದಾಟಿದರೆ ಮಗು ನಿಮ್ಮಿಂದ ಬೇರೆಯಾಗುತ್ತದೆ. ಇದರ ತಾಲೀಮು ಹಿಂದಿನ ವರ್ಷವೇ ಟೆಕ್ಸಸ್‌ನ ಎಲ್ ಪಾಸೊ ಭಾಗದಲ್ಲಿ ಸದ್ದಿಲ್ಲದೆ ನಡೆದಿತ್ತು ಎಂಬುದು ಆಮೇಲೆ ಹೊರಬಂತು.

ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಿ. ತಾಯಿಯಿಂದ ಮಗುವನ್ನು ಬೇರ್ಪಡಿಸಿ ಎಂದು ಯಾವ ಕಾನೂನೂ ಹೇಳಿರಲಿಲ್ಲ. ಮೊದಲ ಸಲ ಅನುಮತಿಯಿಲ್ಲದೆ ಗಡಿ ದಾಟುವುದು ಇಲ್ಲಿ ಚಿಕ್ಕ ಅಪರಾಧ, ಹೆಚ್ಚೆಂದರೆ ಆರು ತಿಂಗಳ ಶಿಕ್ಷೆ. ಅದಕ್ಕೂ ಹಿಂದೆ ಮಕ್ಕಳೊಂದಿಗೆ ಬಂದವರ ಮೇಲೆ ಸಾಮಾನ್ಯವಾಗಿ ಈ ಕೇಸು ಹಾಕುತ್ತಿರಲಿಲ್ಲ. ಈಗ ಎಲ್ಲರ ಮೇಲೂ ಹಾಕಿದರು. ಕೇಸು ಬಿತ್ತೆಂದರೆ ತಾಯಿ ಮಾರ್ಷಲ್‌ಗಳ ವಶಕ್ಕೆ. ಮಗುವನ್ನು ಆ ಜೈಲಿಗೆ ಹಾಕುವಂತಿಲ್ಲ. ಹಾಗಾಗಿ ಅಮ್ಮನ ಕೈಹಿಡಿದು ಬಂದ ಮಗು ಒಂದು ಗಳಿಗೆಯಲ್ಲಿ ಕಾಗದದ ಮೇಲೆ ‘ಜೊತೆಗೆ ಯಾರೂ ಇಲ್ಲದೆ ಬಂದ ಮಗು’ ಆಯಿತು. ಹಾಗೆ ಒಂಟಿಯಾಗಿ ಬಂದ ಮಕ್ಕಳನ್ನು 72 ಗಂಟೆಯೊಳಗೆ ಆರೋಗ್ಯ ಇಲಾಖೆಯ ನಿರಾಶ್ರಿತರ ಕಚೇರಿಗೆ ಒಪ್ಪಿಸಬೇಕು ಎಂದು 2008ರ ಕಾಯ್ದೆ ಹೇಳುತ್ತದೆ. ಮಾನವ ಕಳ್ಳಸಾಗಣೆಯಿಂದ ಮಕ್ಕಳನ್ನು ಕಾಪಾಡಲು ಮಾಡಿದ ಕಾಯ್ದೆ ಅದು! ಮಕ್ಕಳ ರಕ್ಷಣೆಗೆಂದು ಕಟ್ಟಿದ ಬೇಲಿಯನ್ನೇ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಲು ಬಳಸಿದರು.

ಟೆಕ್ಸಸ್‌ನ ಮ್ಯಾಕ್ಆಲನ್ ಕೋರ್ಟಿನಲ್ಲಿ ಹತ್ತಾರು ಜನರನ್ನು ಒಟ್ಟಿಗೆ ನಿಲ್ಲಿಸಿ ತಪ್ಪೊಪ್ಪಿಗೆ ಪಡೆಯುತ್ತಿದ್ದರು. ‘ಈಗಾಗಲೇ ಬಂಧನದಲ್ಲಿ ಕಳೆದ ಸಮಯವೇ ಶಿಕ್ಷೆ’ ಎಂದು ಹೇಳಿ ಕಳಿಸುವುದು ಎಷ್ಟೋ ಮಂದಿಯ ವಿಷಯದಲ್ಲಿ ನಡೆಯಿತು. ಬೆಳಿಗ್ಗೆ ಕೋರ್ಟಿಗೆ ಹೋದವರು ವಾಪಸ್ ಬರುವಷ್ಟರಲ್ಲಿ ಮಗು ಇಲ್ಲ. ಎಲ್ಲಿ ಎಂದು ಕೇಳಿದರೆ ಉತ್ತರವೂ ಇಲ್ಲ. ಗಡಿ ಇಲಾಖೆಯ ಕಂಪ್ಯೂಟರಿಗೂ ಆರೋಗ್ಯ ಇಲಾಖೆಯ ಕಂಪ್ಯೂಟರಿಗೂ ಸಂಬಂಧವೇ ಇರಲಿಲ್ಲ. ಯಾವ ತಾಯಿಗೆ ಯಾವ ಮಗು ಎಂದು ತೋರಿಸುವ ಒಂದು ಪಟ್ಟಿಯನ್ನೂ ಸರಿಯಾಗಿ ಇಟ್ಟಿರಲಿಲ್ಲ. ನಮ್ಮ ಕಡೆ ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟರೂ ಕೈಗೊಂದು ಟೋಕನ್ ಕೊಡುತ್ತಾರೆ. ಇದು ಬರೀ ನಮ್ಮ ಸಿಟ್ಟಿನ ಮಾತಲ್ಲ. ಸ್ಯಾನ್ ಡಿಯಾಗೊದ ಫೆಡರಲ್ ನ್ಯಾಯಾಧೀಶ ಡೇನಾ ಸಾಬ್ರಾ ತಮ್ಮ ಆದೇಶದಲ್ಲೇ ಬರೆದರು: ಬಂಧಿತರ ಸಾಮಾನು ಸರಂಜಾಮಿಗೆ ಇಟ್ಟಷ್ಟು ಕರಾರುವಾಕ್ ಲೆಕ್ಕವನ್ನು ಅವರ ಮಕ್ಕಳಿಗೆ ಇಟ್ಟಿಲ್ಲ ಎಂದು. ಅವರನ್ನು ಆ ಹುದ್ದೆಗೆ ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಡಬ್ಲ್ಯು ಬುಷ್.

ಆ ವರ್ಷ ಜೂನ್ 18ರಂದು ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಒಂದು ಧ್ವನಿಮುದ್ರಣ ಹೊರತಂದಿತು. ಬಂಧನ ಕೇಂದ್ರದೊಳಗೆ ನಾಲ್ಕರಿಂದ ಹತ್ತು ವರ್ಷದ ಹತ್ತು ಮಕ್ಕಳ ಅಳು ಅದು. ‘ಮಾಮಿ’, ‘ಪಾಪಾ’ ಎಂಬ ಎರಡೇ ಮಾತು ಮತ್ತೆ ಮತ್ತೆ. ಅದರ ನಡುವೆ ಒಬ್ಬ ಸಿಬ್ಬಂದಿಯ ಗಂಡುದನಿ ತಮಾಷೆ ಮಾಡುತ್ತದೆ: ಇಲ್ಲೊಂದು ವಾದ್ಯಗೋಷ್ಠಿಯೇ ಇದೆ, ನಡೆಸುವ ಮೇಷ್ಟ್ರು ಒಬ್ಬರು ಬೇಕಷ್ಟೆ ಎಂದು. ಅದೇ ಮುದ್ರಣದಲ್ಲಿ ಎಲ್ ಸಾಲ್ವಡಾರ್‌ನ ಆರು ವರ್ಷದ ಹುಡುಗಿ ಒಂದೇ ಸಮನೆ ಬೇಡಿಕೊಳ್ಳುತ್ತಾಳೆ: ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿ. ಆ ನಂಬರನ್ನು ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅಂಕಿ ಅಂಕಿಯಾಗಿ ಹೇಳುತ್ತಾಳೆ. ನಮ್ಮಲ್ಲಿ ಎಷ್ಟು ಜನ ಆ ಆಡಿಯೊ ಕೇಳಿದೆವೋ ಗೊತ್ತಿಲ್ಲ. ಕೇಳಿದವರು ಅರ್ಧಕ್ಕೇ ನಿಲ್ಲಿಸಿದ್ದು ಮಾತ್ರ ಗೊತ್ತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಗೆ ಆಗ ಅಧ್ಯಕ್ಷೆಯಾಗಿದ್ದ ಡಾ. ಕೊಲೀನ್ ಕ್ರಾಫ್ಟ್ ಟೆಕ್ಸಸ್‌ನ ಒಂದು ಆಶ್ರಯ ಕೇಂದ್ರಕ್ಕೆ ಹೋಗಿದ್ದರು. ಅಲ್ಲೊಂದು ಪುಟ್ಟ ಹೆಣ್ಣುಮಗು ನೆಲಕ್ಕೆ ಕೈ ಬಡಿದು ಅಳುತ್ತಿತ್ತು. ಪಕ್ಕದಲ್ಲಿ ಸಿಬ್ಬಂದಿ ಆಟಿಕೆ, ಪುಸ್ತಕ ಹಿಡಿದು ಕೂತಿದ್ದರು, ಎತ್ತಿಕೊಳ್ಳಲಿಲ್ಲ. ಮಕ್ಕಳನ್ನು ಎತ್ತಿಕೊಳ್ಳುವ ಅನುಮತಿ ಇಲ್ಲ ಎಂದು ವೈದ್ಯೆಗೆ ಹೇಳಿದರು. ಅದನ್ನು ಕಂಡು ಬಂದ ವೈದ್ಯೆ ಇದು ಸರ್ಕಾರವೇ ಮಕ್ಕಳಿಗೆ ಕೊಡುತ್ತಿರುವ ಹಿಂಸೆ ಎಂದು ಟೀವಿಯ ಮುಂದೆ ಹೇಳಿದರು.

ಜುಲೈನಲ್ಲಿ ಫೀನಿಕ್ಸ್ ನಗರದ ವಲಸೆ ನ್ಯಾಯಾಲಯಕ್ಕೆ ಒಂದು ವರ್ಷದ ಹೊಂಡುರಾಸ್ ಕೂಸೊಂದು ‘ಹಾಜರಾಯಿತು’. ಬಾಟಲಿಯಿಂದ ಹಾಲು ಕುಡಿಯಿತು, ನೆಲಕ್ಕೆ ಬಡಿದರೆ ಬೆಳಕು ಚಿಮ್ಮುವ ನೇರಳೆ ಚೆಂಡಿನಲ್ಲಿ ಆಡಿತು. ಕಲಾಪ ಅರ್ಥವಾಗುತ್ತಿದೆಯೇ ಎಂದು ಕಕ್ಷಿದಾರರನ್ನು ಕೇಳಬೇಕಾದದ್ದು ಅಲ್ಲಿಯ ನಿಯಮ. ಈ ಕಕ್ಷಿದಾರನನ್ನು ಹಾಗೆ ಕೇಳಲು ನನಗೆ ಮುಜುಗರವಾಗುತ್ತದೆ ಎಂದರು ನ್ಯಾಯಾಧೀಶರು. ಕೂಸಿನ ತಂದೆಯನ್ನು ಅಷ್ಟರಲ್ಲಿ ಹೊಂಡುರಾಸ್‌ಗೆ ವಾಪಸ್ ಕಳಿಸಿಯಾಗಿತ್ತು. ವಲಸೆ ನ್ಯಾಯಾಲಯದಲ್ಲಿ ಸರ್ಕಾರಿ ಖರ್ಚಿನ ವಕೀಲರನ್ನು ಕೊಡಲೇಬೇಕೆಂಬ ನಿಯಮವೂ ಇಲ್ಲ, ಕೂಸಿಗೂ ಇಲ್ಲ.

ಒಂದು ಸಹಿ ನಿಲ್ಲಿಸಿತು

ಇದನ್ನು ಕಾಂಗ್ರೆಸ್ಸು ಮಾತ್ರ ಸರಿಮಾಡಬಲ್ಲದು, ನಮ್ಮ ಕೈಯಲ್ಲಿಲ್ಲ ಎಂದು ವಾರಗಟ್ಟಲೆ ಹೇಳುತ್ತಿದ್ದ ಅಧ್ಯಕ್ಷ ಟ್ರಂಪ್, ಊರೆಲ್ಲ ಉಗಿದ ಮೇಲೆ ಜೂನ್ 20ರಂದು ಒಂದು ಕಾಗದಕ್ಕೆ ಸಹಿ ಹಾಕಿ ತಾವೇ ನಿಲ್ಲಿಸಿದರು. ಮಾಜಿ ಅಧ್ಯಕ್ಷರ ಪತ್ನಿ ಲಾರಾ ಬುಷ್ ಕೂಡ ಆ ಹೊತ್ತಿಗೆ ಪತ್ರಿಕೆಯಲ್ಲಿ ಇದರ ವಿರುದ್ಧ ಬರೆದಿದ್ದರು. ಆರು ದಿನದ ನಂತರ ನ್ಯಾಯಾಧೀಶ ಸಾಬ್ರಾ ಆದೇಶ ಮಾಡಿದರು: ಐದು ವರ್ಷದೊಳಗಿನ ಮಕ್ಕಳನ್ನು 14 ದಿನದಲ್ಲಿ, ಉಳಿದವರನ್ನು 30 ದಿನದಲ್ಲಿ ಹೆತ್ತವರಿಗೆ ಒಪ್ಪಿಸಿ. ಆ ಹೊತ್ತಿಗೆ 400ಕ್ಕೂ ಹೆಚ್ಚು ತಂದೆತಾಯಿಯರನ್ನು ಮಕ್ಕಳಿಲ್ಲದೆಯೇ ದೇಶದಿಂದ ಹೊರಗೆ ಕಳಿಸಲಾಗಿತ್ತು. ಅವರನ್ನು ಹುಡುಕಲು ಸ್ವಯಂಸೇವಕರು ಗ್ವಾಟೆಮಾಲಾ, ಹೊಂಡುರಾಸ್‌ನ ಹಳ್ಳಿಹಳ್ಳಿ ಅಲೆದರು. ಒಟ್ಟು 4,600ಕ್ಕೂ ಹೆಚ್ಚು ಮಕ್ಕಳನ್ನು ಬೇರ್ಪಡಿಸಲಾಗಿತ್ತೆಂದೂ, ಅವರಲ್ಲಿ 1,360ರಷ್ಟು ಮಕ್ಕಳು ಹೆತ್ತವರನ್ನು ಮತ್ತೆ ಸೇರಿದ್ದಕ್ಕೆ ದಾಖಲೆಯೇ ಇಲ್ಲವೆಂದೂ 2024ರ ಡಿಸೆಂಬರಿನಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತು. ಆರು ವರ್ಷ ಕಳೆದ ಮೇಲಿನ ಲೆಕ್ಕ ಇದು.

ಒಂದು ಸಹಿಯಿಂದ ನಿಂತದ್ದು ಇನ್ನೊಂದು ಸಹಿಯಿಂದ ಶುರುವಾಗಬಲ್ಲದು. ನಮ್ಮ ತಕರಾರು ಇಷ್ಟೇ.

ಉದಾಹರಣೆ ಬೇಕೇ? ಬೇರ್ಪಟ್ಟ ಕುಟುಂಬಗಳನ್ನು ಒಟ್ಟುಗೂಡಿಸಲು 2021ರ ಫೆಬ್ರವರಿ 2ರಂದು ಅಧ್ಯಕ್ಷ ಬೈಡನ್ ಆದೇಶದಿಂದ ಒಂದು ಕಾರ್ಯಪಡೆ ಹುಟ್ಟಿತು. ಅದು ನೂರಾರು ಮಕ್ಕಳನ್ನು ಮನೆ ಸೇರಿಸಿತು. 2025ರ ಜನವರಿ 20ರಂದು, ಹೊಸ ಆಡಳಿತದ ಮೊದಲ ದಿನವೇ, ಆ ಆದೇಶ ರದ್ದಾಯಿತು. ಕೆಲಸ ಮುಗಿದು ಮುಚ್ಚಿದ್ದಲ್ಲ, ಆದೇಶ ಹೋಯಿತು, ಪಡೆಯೂ ಹೋಯಿತು. ಇನ್ನು ಎಸಿಎಲ್‌ಯು ಎಂಬ ನಾಗರಿಕ ಹಕ್ಕುಗಳ ಸಂಸ್ಥೆ ಹೂಡಿದ ಮೊಕದ್ದಮೆ. ಅದು 2023ರ ಡಿಸೆಂಬರಿನಲ್ಲಿ ರಾಜಿಯಾಯಿತು. ಅದರಂತೆ ಎಂಟು ವರ್ಷ ಸರ್ಕಾರ 2018ರ ಥರದ ನೀತಿಯನ್ನು ತರುವಂತಿಲ್ಲ. ಅಂದರೆ 2031ರ ಡಿಸೆಂಬರಿನವರೆಗೆ. ಆಮೇಲೆ? ಆಮೇಲಿನದ್ದಕ್ಕೆ ಉತ್ತರವನ್ನು ಆ ರಾಜಿಪತ್ರದಲ್ಲಿ ಹುಡುಕಬೇಡಿ, ಅದು ಕ್ಯಾಪಿಟಲ್ ಕಟ್ಟಡದಲ್ಲಿದೆ.

ಆ ಮೊಕದ್ದಮೆಯ ಮೂಲವನ್ನೂ ತಿಳಿದಿರಿ, ಏಕೆಂದರೆ ನಮ್ಮವರ ಒಂದು ವಾದಕ್ಕೆ ಅದರಲ್ಲೇ ಉತ್ತರವಿದೆ. ಕಾಂಗೊ ದೇಶದ ಒಬ್ಬ ತಾಯಿ, ಏಳು ವರ್ಷದ ಮಗಳು. 2017ರ ನವೆಂಬರಿನಲ್ಲಿ ಅವರು ಬೇಲಿ ಹಾರಿ ಬಂದವರಲ್ಲ. ಸ್ಯಾನ್ ಡಿಯಾಗೊ ಬಳಿಯ ಸ್ಯಾನ್ ಇಸಿಡ್ರೊ ಗೇಟಿಗೇ ಬಂದು ಅಧಿಕಾರಿಗಳ ಮುಂದೆ ನಿಂತು ಆಶ್ರಯ ಕೇಳಿದರು. ಕೆಲವೇ ದಿನಗಳಲ್ಲಿ ಮಗಳನ್ನು ಶಿಕಾಗೊಗೆ ಒಯ್ದರು. ತಾಯಿ ಸ್ಯಾನ್ ಡಿಯಾಗೊದ ಬಂಧನ ಕೇಂದ್ರದಲ್ಲಿ, ಮಗಳು ಎರಡು ಸಾವಿರ ಮೈಲಿ ದೂರದಲ್ಲಿ. ಅವಳು ಇವರದೇ ಮಗಳೋ ಅಲ್ಲವೋ ಎಂಬ ಅನುಮಾನ ಎಂದು ಸರ್ಕಾರ ಹೇಳಿತು. ಆದರೆ ಡಿಎನ್‌ಎ ಪರೀಕ್ಷೆ ಮಾಡಿದ್ದು ಕೋರ್ಟಿಗೆ ಹೋದ ಮೇಲೆ. ಒಂದು ಪರೀಕ್ಷೆಯಿಂದ ವಾರದೊಳಗೆ ಬಗೆಹರಿಯುವ ಅನುಮಾನಕ್ಕೆ ನಾಲ್ಕು ತಿಂಗಳು ತಾಯಿ ಮಗಳು ಬೇರೆಯಾಗಿದ್ದರು.

‘ನಾವು ಸಾಲಿನಲ್ಲಿ ನಿಂತು ಬಂದವರು’

ಈ ಮಾತು ನಮ್ಮ ಮನೆಗಳಲ್ಲಿ, ಕೂಟಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ವೀಸಾ ಸ್ಟಾಂಪಿಂಗ್, ಎಚ್-1ಬಿ, ಗ್ರೀನ್ ಕಾರ್ಡಿನ ಮುಗಿಯದ ಕ್ಯೂ. ಎಲ್ಲ ನಿಜ. ಸಾಲಿನಲ್ಲಿ ನಿಂತವರ ಸಿಟ್ಟು ನಮಗೆ ಅರ್ಥವಾಗದ್ದಲ್ಲ. ಆದರೆ ಆ ಕಾಂಗೊ ತಾಯಿಯೂ ಗೇಟಿನಲ್ಲೇ ನಿಂತಿದ್ದರು. ಇನ್ನು ಆಶ್ರಯ ಕೇಳುವವರು ಗೇಟಿನಿಂದಲೇ ಬರಬೇಕೆಂದೇನೂ ಇಲ್ಲ. ಈ ನೆಲದ ಮೇಲೆ ಕಾಲಿಟ್ಟ ಯಾರೇ ಆಗಲಿ, ಹೇಗೇ ಬಂದಿರಲಿ, ಆಶ್ರಯ ಕೇಳಬಹುದು ಎಂದು ಅಮೆರಿಕದ ಕಾನೂನೇ ಹೇಳುತ್ತದೆ. ಕೊಡುವುದು ಬಿಡುವುದು ಆಮೇಲಿನ ಮಾತು. ಕೇಳಿದ್ದಕ್ಕೆ ಮಗುವನ್ನು ಕಿತ್ತುಕೊಳ್ಳಿ ಎಂದು ಎಲ್ಲೂ ಬರೆದಿಲ್ಲ.

ಮತ್ತೆ ಆ ನಮ್ಮ ಸಾಲು ಹುಟ್ಟಿದ್ದು ಹೇಗೆ? 1917ರ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ಯಾರೂ ಬರದಂತೆ ಬಾಗಿಲು ಮುಚ್ಚಿತು. ಆಗಲೇ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ರೈತರು ಊರಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ಒಂಟಿಯಾದರು. ಇಂಪೀರಿಯಲ್ ಕಣಿವೆಯಲ್ಲಿ ಅವರಲ್ಲಿ ಅನೇಕರು ಮೆಕ್ಸಿಕೊ ಮೂಲದ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಕಟ್ಟಿದರು. ಇವತ್ತು ನಾವು ‘ಆ ಮೆಕ್ಸಿಕನ್ನರು’ ಎನ್ನುತ್ತೇವಲ್ಲ, ನಮ್ಮ ಮೊದಲ ತಲೆಮಾರಿನ ಸೊಸೆಯಂದಿರು ಅವರು. 1946ರಲ್ಲಿ ಬಾಗಿಲು ತೆರೆದಾಗ ಇಡೀ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. 1965ರ ಕಾನೂನು ಬಂದ ಮೇಲೆ ನಮ್ಮ ಎಂಜಿನಿಯರುಗಳು, ಡಾಕ್ಟರುಗಳು ಬಂದರು. ಆ ಕಾನೂನಿನ ಬೆನ್ನೆಲುಬೇ ಕುಟುಂಬ. ಹೆಂಡತಿ, ಗಂಡ, ಮಕ್ಕಳು, ಅಪ್ಪ ಅಮ್ಮ, ಅಣ್ಣ ತಮ್ಮ ಒಂದಾಗಲಿ ಎಂಬ ತತ್ವದ ಮೇಲೆ ನಿಂತದ್ದು. ನಿಮ್ಮ ಅಪ್ಪ ಅಮ್ಮ ಈಗ ನಿಮ್ಮೊಡನೆ ಇದ್ದರೆ ಅದು ಆ ಕಾನೂನಿನ ಉಪಕಾರ. ಬೇರೆಯವರು ಬೀದಿಗಿಳಿದು, ಜೈಲಿಗೆ ಹೋಗಿ ಗೆದ್ದ ನಾಗರಿಕ ಹಕ್ಕುಗಳ ಕಾಲದಲ್ಲಿ ಅದು ಬಂತು ಎನ್ನುವುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

‘ಇದು ಲ್ಯಾಟಿನ್ ಅಮೆರಿಕದವರ ವಿಷಯ’ ಎನ್ನುವವರಿಗೂ ಒಂದು ಮಾತು. 2018ರ ಬೇಸಿಗೆಯಲ್ಲಿ ಗುಜರಾತಿನಿಂದ ಬಂದ ಒಬ್ಬ ತಾಯಿ ಅರಿಜೋನಾದ ನ್ಯಾಯಾಲಯದಲ್ಲಿ ನಿಂತಿದ್ದರು. ಅಂಗವೈಕಲ್ಯವಿದ್ದ ಐದು ವರ್ಷದ ಮಗನನ್ನು ಅವರಿಂದ ಬೇರ್ಪಡಿಸಲಾಗಿತ್ತು. ಜಾಮೀನು 30,000 ಡಾಲರ್. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದನ್ನು ವರದಿ ಮಾಡಿತ್ತು. ಅದೇ ಸಮಯದಲ್ಲಿ ಒರೆಗಾನ್ ರಾಜ್ಯದ ಶೆರಿಡನ್ ಜೈಲಿನಲ್ಲಿ ಆಶ್ರಯ ಕೇಳಿ ಬಂದ ಭಾರತೀಯರು ಸುಮಾರು 50 ಮಂದಿ ಇದ್ದರು, ಹೆಚ್ಚಿನವರು ಸಿಖ್ಖರು. ಮುಂದಿನ ವರ್ಷ ಅರಿಜೋನಾದ ಮರುಭೂಮಿಯಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ಪಂಜಾಬಿನ ಆರು ವರ್ಷದ ಹುಡುಗಿ ಸತ್ತಳು. ಅವಳ ತಾಯಿ ನೀರು ಹುಡುಕಿಕೊಂಡು ಹೋಗಿದ್ದರು.

ಇನ್ನೊಂದು ಸಂಗತಿ ನಮ್ಮ ಮನೆಯೊಳಗಿನದೇ. ಎಚ್-4 ವೀಸಾದಲ್ಲಿ ಇಲ್ಲೇ ಬೆಳೆದ ಮಕ್ಕಳು 21 ತುಂಬಿದ ದಿನ ಅಪ್ಪ ಅಮ್ಮನ ಅರ್ಜಿಯಿಂದ ಕಳಚಿಕೊಳ್ಳುತ್ತಾರೆ. ಗ್ರೀನ್ ಕಾರ್ಡ್ ಅಷ್ಟರೊಳಗೆ ಬರದಿದ್ದರೆ ಬೇರೆ ವೀಸಾ ಹುಡುಕಬೇಕು, ಇಲ್ಲವೇ ತಾವು ಸರಿಯಾಗಿ ಕಾಣದ ‘ತಾಯ್ನಾಡಿಗೆ’ ಹೊರಡಬೇಕು. ಗಡಿಯ ಕೂಸಿನ ಕಷ್ಟಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಹೋಲಿಸುವುದು ತಪ್ಪು. ಆದರೆ ಇದಕ್ಕೆ ಪರಿಹಾರ ಕೇಳಲು ನಾವು ಹೋಗುವ ಬಾಗಿಲೂ ಅದೇ ಕಾಂಗ್ರೆಸ್ಸು. ಅಲ್ಲಿ ಹೋಗಿ ‘ನಮ್ಮ ಮಕ್ಕಳು ಮಾತ್ರ ಮಕ್ಕಳು’ ಎಂದರೆ ಯಾರು ಕೇಳಿಸಿಕೊಳ್ಳುತ್ತಾರೆ?

ಮಸೂದೆಯಲ್ಲಿ ಏನಿತ್ತು?

2018ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ‘ಕೀಪ್ ಫ್ಯಾಮಿಲೀಸ್ ಟುಗೆದರ್’ ಮಸೂದೆ ಮಂಡಿಸಿದರು. ಕೆಲವೇ ದಿನಗಳಲ್ಲಿ ಡೆಮಾಕ್ರಟಿಕ್ ಬಣದ 49 ಸೆನೆಟರುಗಳೂ ಅದಕ್ಕೆ ಹೆಸರು ಕೊಟ್ಟರು. ರಿಪಬ್ಲಿಕನ್ ಪಕ್ಷದಿಂದ ಒಬ್ಬರೂ ಇಲ್ಲ. ಪ್ರತಿನಿಧಿ ಸಭೆಯಲ್ಲಿ ಜೆರಲ್ಡ್ ನ್ಯಾಡ್ಲರ್ ಅದನ್ನೇ ತಂದರು. 2019ರಲ್ಲಿ ಮತ್ತೆ ಮಂಡನೆಯಾಯಿತು. ಕಾನೂನಾಗಲಿಲ್ಲ.

ಅದರಲ್ಲಿದ್ದದ್ದು ಆಕಾಶಕ್ಕೆ ಏಣಿ ಹಾಕುವ ಮಾತೇನಲ್ಲ. ಗಡಿಯಿಂದ 100 ಮೈಲಿಯೊಳಗೆ, ಜನರನ್ನು ಹೆದರಿಸುವುದಕ್ಕೆಂದು ಮಗುವನ್ನು ಹೆತ್ತವರಿಂದ ಬೇರ್ಪಡಿಸುವಂತಿಲ್ಲ. ಬೇರ್ಪಡಿಸಲೇಬೇಕಾದ ಸಂದರ್ಭ ಇದ್ದರೆ, ಅಂದರೆ ಮಗುವಿಗೆ ಹಿಂಸೆಯಾಗುತ್ತಿದ್ದರೆ, ಕಳ್ಳಸಾಗಣೆಯ ಗುಮಾನಿಯಿದ್ದರೆ, ಕರೆತಂದವರು ಹೆತ್ತವರೇ ಅಲ್ಲ ಎನ್ನಲು ಬಲವಾದ ಕಾರಣವಿದ್ದರೆ, ಆ ತೀರ್ಮಾನವನ್ನು ಗಡಿ ಪೊಲೀಸರೊಬ್ಬರೇ ತೆಗೆದುಕೊಂಡರೆ ಸಾಲದು. ಮಕ್ಕಳ ಕ್ಷೇಮದ ಪರಿಣತರು ಅದನ್ನು ಪರಿಶೀಲಿಸಬೇಕು. ಗೊತ್ತಿದ್ದೂ ನಿಯಮ ಮುರಿದರೆ ದಂಡ. ಬೇರ್ಪಟ್ಟವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲು ವ್ಯವಸ್ಥೆ. ಕಾಂಗ್ರೆಸ್ಸಿಗೆ ವರದಿ.

‘ಕಳ್ಳಸಾಗಣೆದಾರರು ಇದರ ಲಾಭ ಪಡೆಯುತ್ತಾರೆ’ ಎಂಬ ಆಕ್ಷೇಪಕ್ಕೆ ಉತ್ತರ ಮಸೂದೆಯೊಳಗೇ ಇದೆ ಎಂಬುದನ್ನು ಗಮನಿಸಿದಿರಲ್ಲ.

ಪರಿಣತರ ಪರಿಶೀಲನೆ ಏಕೆ ಅಷ್ಟು ಮುಖ್ಯ ಎಂದರೆ, ಕೋರ್ಟಿನ ತಡೆ ಬಂದ ಮೇಲೂ ಬೇರ್ಪಡಿಸುವುದು ಪೂರ್ತಿ ನಿಲ್ಲಲಿಲ್ಲ. ಮುಂದಿನ ಒಂದು ವರ್ಷದಲ್ಲಿ 900ಕ್ಕೂ ಹೆಚ್ಚು ಮಕ್ಕಳನ್ನು ‘ಹೆತ್ತವರಿಗೆ ಅಪರಾಧದ ಹಿನ್ನೆಲೆ ಇದೆ’, ‘ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂಬ ಥರದ ಕಾರಣ ಕೊಟ್ಟು ಬೇರ್ಪಡಿಸಿದ್ದನ್ನು ಎಸಿಎಲ್‌ಯು 2019ರ ಜುಲೈನಲ್ಲಿ ಕೋರ್ಟಿನ ಮುಂದಿಟ್ಟಿತು. ಕಾರಣಗಳನ್ನು ಕೇಳಿ. ಒಬ್ಬ ತಂದೆಯ ಅಪರಾಧ, ಐದು ಡಾಲರ್ ಬೆಲೆಯ ಏನನ್ನೋ ಹಾಳುಮಾಡಿದ್ದು. ಇನ್ನೊಬ್ಬ ತಂದೆಯ ತಪ್ಪು, ನಿದ್ದೆಹೋದ ಒಂದು ವರ್ಷದ ಮಗಳನ್ನು ಎಬ್ಬಿಸಿ ಒದ್ದೆ ಡೈಪರ್ ಬದಲಾಯಿಸದಿದ್ದದ್ದು. ಈ ಲೆಕ್ಕದಲ್ಲಿ ನಮ್ಮಲ್ಲಿ ಯಾರ ಮನೆಯಲ್ಲಿ ಮಗು ಉಳಿಯುತ್ತಿತ್ತು? 2020ರ ಜನವರಿಯಲ್ಲಿ ಅದೇ ನ್ಯಾಯಾಧೀಶ ಸಾಬ್ರಾ, ಬಹುಪಾಲು ಇಂಥ ತೀರ್ಮಾನಗಳು ಸರ್ಕಾರದ ವಿವೇಚನೆಯೊಳಗೆ ಬರುತ್ತವೆ ಎಂದರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಕಾನೂನು ಗೆರೆ ಎಳೆಯದ ಕಡೆ ನ್ಯಾಯಾಧೀಶರು ಎಷ್ಟೆಂದು ಎಳೆದಾರು?

ಒಂದು ಬಲೆಯ ಬಗ್ಗೆ ಎಚ್ಚರಿಕೆಯಿರಲಿ. ‘ಒಟ್ಟಿಗೇ ಇಡುತ್ತೇವೆ’ ಎಂದು ಹೇಳಿಕೊಂಡು ಬರುವ ಎಲ್ಲ ಮಸೂದೆಯೂ ಒಂದೇ ಅಲ್ಲ. ತಾಯಿ ಮಗುವನ್ನು ತಿಂಗಳುಗಟ್ಟಲೆ ಒಂದೇ ಬಂಧನ ಕೇಂದ್ರದಲ್ಲಿ ಕೂಡಿಹಾಕುವುದೂ ಕೆಲವರ ಪ್ರಕಾರ ‘ಒಟ್ಟಿಗೆ ಇಡುವುದೇ’. ಬಂಧಿತ ಮಕ್ಕಳ ಕುರಿತು ಕೋರ್ಟಿನಲ್ಲಾದ 1997ರ ಫ್ಲೊರೆಸ್ ಒಪ್ಪಂದ, ಅದರ ಮೇಲೆ ಬಂದ 2015ರ ಕೋರ್ಟ್ ಆದೇಶ ಇವುಗಳಿಂದಾಗಿ ಮಕ್ಕಳನ್ನು ಇಂಥ ಕೇಂದ್ರದಲ್ಲಿ ಸುಮಾರು 20 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. 2018ರ ಜೂನ್ 27ರಂದು ಪ್ರತಿನಿಧಿ ಸಭೆಯಲ್ಲಿ 121–301 ಮತಗಳಿಂದ ಬಿದ್ದುಹೋದ ರಿಪಬ್ಲಿಕನ್ ಮಸೂದೆ ಆ ಮಿತಿಯನ್ನು ಸಡಿಲಿಸುವಂಥದ್ದು. ಡೆಮಾಕ್ರಟರನ್ನೂ ಸುಮ್ಮನೆ ಬಿಡಬೇಕಾಗಿಲ್ಲ. ಟೆಕ್ಸಸ್‌ನ ಡಿಲಿಯಲ್ಲಿ 2,400 ಹಾಸಿಗೆಯ ಕುಟುಂಬ ಬಂಧನ ಕೇಂದ್ರ 2014ರಲ್ಲಿ ತೆರೆದದ್ದು ಒಬಾಮ ಕಾಲದಲ್ಲಿ. ನಡುವೆ ಮುಚ್ಚಿದ್ದ ಅದನ್ನು 2025ರಲ್ಲಿ ಮತ್ತೆ ತೆರೆದಿದ್ದಾರೆ. ಅದೇ ವರ್ಷದ ಜುಲೈ 4ರಂದು ಸಹಿಯಾದ ಬೃಹತ್ ಬಜೆಟ್ ಕಾನೂನು ವಲಸಿಗರ ಬಂಧನ ಕೇಂದ್ರಗಳಿಗೆಂದೇ 4,500 ಕೋಟಿ ಡಾಲರ್ ಎತ್ತಿಟ್ಟಿತು. ಕೂಡಿಹಾಕಲು ಕಾನೂನು ಮಾಡಲು ಪುರುಸೊತ್ತಿರುವ ಸಂಸತ್ತಿಗೆ ಮಗುವನ್ನು ಕಿತ್ತುಕೊಳ್ಳಬೇಡಿ ಎನ್ನಲು ಪುರುಸೊತ್ತಾಗಿಲ್ಲ.

ಈಗ ನೀವು ಮಾಡಬೇಕಾದದ್ದು

ಫೋನ್ ಎತ್ತಿ. ವಾಷಿಂಗ್ಟನ್‌ನ ಕ್ಯಾಪಿಟಲ್ ಸ್ವಿಚ್‌ಬೋರ್ಡ್ ನಂಬರ್ 202-224-3121. ನಿಮ್ಮ ಜಿಪ್ ಕೋಡ್ ಹೇಳಿದರೆ ನಿಮ್ಮ ಪ್ರತಿನಿಧಿಯ ಕಚೇರಿಗೆ ಜೋಡಿಸುತ್ತಾರೆ. ಎತ್ತಿಕೊಳ್ಳುವವರು ಬಹುಶಃ ಇಪ್ಪತ್ತೆರಡು ವರ್ಷದ ಇಂಟರ್ನ್ ಹುಡುಗನೋ ಹುಡುಗಿಯೋ ಆಗಿರುತ್ತಾರೆ, ಭಯಪಡುವಂಥದ್ದೇನಿಲ್ಲ. ಭಾಷಣ ಬೇಡ. ಹೆಸರು, ಊರು, ಆಮೇಲೆ ಎರಡೇ ಮಾತು: ಕೀಪ್ ಫ್ಯಾಮಿಲೀಸ್ ಟುಗೆದರ್ ಮಸೂದೆಗೆ ನಿಮ್ಮ ಹೆಸರು ಕೊಡಿ, ಈಗ ಸದನದ ಮುಂದೆ ಇಲ್ಲದಿದ್ದರೆ ಮತ್ತೆ ಮಂಡಿಸಿ. ಅವರು ಪರ, ವಿರೋಧ ಎಂದು ಗುರುತು ಹಾಕಿಕೊಳ್ಳುತ್ತಾರೆ. ಆ ಲೆಕ್ಕ ಪ್ರತಿನಿಧಿಯ ಮೇಜಿಗೆ ಹೋಗುತ್ತದೆ. ಇಬ್ಬರು ಸೆನೆಟರುಗಳಿಗೂ ಇದನ್ನೇ ಮಾಡಿ. ಸೆನೆಟ್‌ನಲ್ಲಿ ಇಂಥ ಮಸೂದೆಗೆ ದಾರಿ ಬಿಡಿಸಲು 100ರಲ್ಲಿ 60 ಮತ ಬೇಕು, ಹಾಗಾಗಿ ರಿಪಬ್ಲಿಕನ್ ಸೆನೆಟರ್ ಇರುವ ರಾಜ್ಯದವರ ಕರೆಗೆ ಬೆಲೆ ಹೆಚ್ಚು. ಪ್ಲೇನೋ, ಫ್ರಿಸ್ಕೊ, ಆಸ್ಟಿನ್‌ನ ಕನ್ನಡಿಗರೇ, ಇದು ವಿಶೇಷವಾಗಿ ನಿಮಗೆ. ನಿಮ್ಮ ಸೆನೆಟರ್ ಟೆಡ್ ಕ್ರೂಜ್ ಕೂಡ 2018ರಲ್ಲಿ ಕುಟುಂಬಗಳನ್ನು ಒಟ್ಟಿಗಿಡುವ ತಮ್ಮದೇ ಮಸೂದೆ ತಂದಿದ್ದರು. ಅದನ್ನು ಅವರಿಗೆ ನೆನಪಿಸಿ. ನಮ್ಮ ಬೇಡಿಕೆಗೂ ಅವರ ಮಸೂದೆಗೂ ವ್ಯತ್ಯಾಸವಿದೆ, ಆದರೆ ಬಾಗಿಲು ತಟ್ಟಲು ಅಷ್ಟು ಸಾಕು.

ಕಾಂಗ್ರೆಸ್ಸಿನ ಆಯುಷ್ಯ ಎರಡು ವರ್ಷ. ಅಷ್ಟರೊಳಗೆ ಪಾಸಾಗದ ಮಸೂದೆ ಅಲ್ಲಿಗೇ ಸಾಯುತ್ತದೆ, ಹೊಸ ಸದನದಲ್ಲಿ ಹೊಸ ನಂಬರಿನೊಂದಿಗೆ ಮತ್ತೆ ಹುಟ್ಟಬೇಕು. ಆದ್ದರಿಂದ ಒಂದು ಸಲ ಫೋನ್ ಮಾಡಿ ಕೈತೊಳೆದುಕೊಂಡರೆ ಆಗದು. ಆಗಸ್ಟ್ ಬಿಡುವಿನಲ್ಲಿ ಪ್ರತಿನಿಧಿಗಳು ತಮ್ಮ ಊರಿನ ಕಚೇರಿಯಲ್ಲಿರುತ್ತಾರೆ, ನಾಲ್ಕು ಜನ ಸೇರಿ ನೇರ ಹೋಗಿ. ಇಬ್ಬರು ಹೋದರೂ ಅಡ್ಡಿಯಿಲ್ಲ, ಆದರೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಮತದಾನ ಪೌರರಾದವರ ಕೆಲಸ, ಪೌರರಲ್ಲದವರು ಮತ ಹಾಕುವುದು ಅಪರಾಧ, ಇದನ್ನು ಒತ್ತಿ ಹೇಳುತ್ತಿದ್ದೇವೆ. ಪ್ರತಿನಿಧಿಗೆ ಫೋನ್ ಮಾಡಲು ಮಾತ್ರ ಪೌರತ್ವ ಬೇಕಿಲ್ಲ, ಕ್ಷೇತ್ರದಲ್ಲಿ ವಾಸವಿರುವ ಎಲ್ಲರೂ ಅವರ ಜನವೇ. ಹಾಗಿದ್ದರೂ ಈಗಿನ ಗಾಳಿ ನೋಡಿ ವೀಸಾದಲ್ಲಿರುವ ಅಣ್ಣ ತಮ್ಮ, ಅಕ್ಕ ತಂಗಿಯರು ಹಿಂಜರಿದರೆ ನಾವು ಅವರನ್ನು ಒತ್ತಾಯಿಸುವುದಿಲ್ಲ. ಅವರ ಪಾಲಿನ ಕರೆಯನ್ನೂ ಅಮೆರಿಕದ ಪಾಸ್‌ಪೋರ್ಟ್ ಇರುವವರು ಮಾಡಬೇಕು.

ನಮ್ಮವರು ಇಂಥದ್ದರಲ್ಲಿ ಇಲ್ಲ ಎಂದುಕೊಳ್ಳಬೇಡಿ. ಸಿಯಾಟಲ್‌ನ ಪ್ರತಿನಿಧಿ ಪ್ರಮೀಳಾ ಜಯಪಾಲ್ 2018ರ ಜೂನ್‌ನಲ್ಲಿ ಸೀಟ್ಯಾಕ್ ಬಂಧನ ಕೇಂದ್ರದೊಳಗೆ ಹೋಗಿ ಮಕ್ಕಳಿಂದ ಬೇರ್ಪಟ್ಟ ತಾಯಂದಿರ ಮಾತು ಕೇಳಿ ಬಂದರು. ಜೂನ್ 28ರಂದು ಸೆನೆಟ್‌ನ ಹಾರ್ಟ್ ಕಟ್ಟಡದ ನೆಲದ ಮೇಲೆ, ಬಂಧಿತ ಮಕ್ಕಳಿಗೆ ಹೊದೆಯಲು ಕೊಡುತ್ತಿದ್ದಂಥ ಬೆಳ್ಳಿಬಣ್ಣದ ಹಾಳೆಗಳನ್ನು ಹೊದ್ದು ಕೂತ ಹೆಂಗಸರೊಂದಿಗೆ ಕೂತು ಬಂಧನಕ್ಕೊಳಗಾದರು. ಅಂದು ಸುಮಾರು 575 ಮಂದಿಯನ್ನು ಬಂಧಿಸಲಾಯಿತು. ಪ್ರಮೀಳಾ ಅವರ ತಾಯಿ ಮಾಯಾ ಜಯಪಾಲ್ ಬೆಂಗಳೂರಿನ ಇತಿಹಾಸ ಬರೆದ ಲೇಖಕಿ. ನಿಮ್ಮಲ್ಲಿ ಕೆಲವರ ಕಪಾಟಿನಲ್ಲಿ ಆ ಪುಸ್ತಕ ಇದ್ದೀತು. ಡೆಟ್ರಾಯಿಟ್‌ನ ಪ್ರತಿನಿಧಿ ಶ್ರೀ ಥಾನೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಅವರ ಮನೆಮಾತು ಮರಾಠಿ, ಇರಲಿ. ಮಿಶಿಗನ್‌ನ ಕನ್ನಡಿಗರು ಬೆಳಗಾವಿಯ ಹೆಸರು ಹೇಳಿಕೊಂಡು ಅವರ ಕಚೇರಿಗೆ ಹೋಗಲು ಯಾವ ಗಡಿ ವಿವಾದವೂ ಅಡ್ಡಬರುವುದಿಲ್ಲ.

ಕೂಟಗಳ ಪದಾಧಿಕಾರಿಗಳಲ್ಲೂ ಒಂದು ಕೋರಿಕೆ. ‘ನಮ್ಮದು ಸಾಂಸ್ಕೃತಿಕ ಸಂಸ್ಥೆ, ರಾಜಕೀಯ ಬೇಡ’ ಎನ್ನುತ್ತೀರಿ. ಚುನಾವಣೆಯಲ್ಲಿ ಯಾರ ಪರವೂ ನಿಲ್ಲಬೇಡಿ, ಅದು ಸರಿಯಾದ ನಿಯಮ. ಆದರೆ ಒಂದು ಮಸೂದೆಯ ಬಗ್ಗೆ ತಿಳಿವಳಿಕೆ ಕೊಡಲು, ಮಿತಿಯೊಳಗೆ ದನಿಯೆತ್ತಲು ಇಲ್ಲಿಯ ಕಾನೂನು ಲಾಭರಹಿತ ಸಂಸ್ಥೆಗಳಿಗೆ ಅವಕಾಶ ಕೊಟ್ಟಿದೆ. ಮುಂದಿನ ಕಾರ್ಯಕ್ರಮದಲ್ಲಿ ವಂದನಾರ್ಪಣೆಗೂ ಮುಂಚೆ ಐದು ನಿಮಿಷ ಈ ವಿಷಯಕ್ಕೆ ಕೊಡಿ. ಆಶ್ರಯ ಕೇಸುಗಳನ್ನು ಬಿಟ್ಟಿಯಾಗಿ ನಡೆಸುವ ವಕೀಲರು ನಮ್ಮ ನಡುವೆಯೇ ಇದ್ದರೆ ಅವರನ್ನು ವೇದಿಕೆಗೆ ಕರೆಯಿರಿ. ಸ್ಪ್ಯಾನಿಷ್ ಬಲ್ಲ ನಮ್ಮ ಹೈಸ್ಕೂಲ್ ಮಕ್ಕಳು ಅಂಥ ವಕೀಲರ ಕಚೇರಿಗಳಲ್ಲಿ ಕೈಜೋಡಿಸಬಹುದು. ಕಾಲೇಜಿನ ಅರ್ಜಿಗೆ ಸ್ವಯಂಸೇವೆಯ ಗಂಟೆಗಳು ಹೇಗೂ ಬೇಕಲ್ಲ!

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ವಾಷಿಂಗ್ಟನ್ ಸಮಯದಂತೆ, ಆ ಕಚೇರಿಗಳು ತೆರೆಯುತ್ತವೆ. ಲೈನು ಬ್ಯುಸಿ ಇದ್ದರೆ ಮಧ್ಯಾಹ್ನ ಮತ್ತೆ ಮಾಡಿ, ಸಂಜೆಯಾದರೆ ಸಂದೇಶ ಬಿಡಿ. ಮಾಡಿದವರು ಇನ್ನೊಬ್ಬರಿಂದ ಮಾಡಿಸಿ. ಈ ಹಾಳೆಯನ್ನು ಓದಿ ಮಡಚಿ ಜೇಬಿಗಿಡಬೇಡಿ, ಪಕ್ಕದವರಿಗೆ ದಾಟಿಸಿ.

ಇಂತಿ,
ನಿಮ್ಮ ನಡುವೆಯೇ ಇರುವ ಕೆಲವು ಕನ್ನಡಿಗರು